ಉಗ್ಗಿನ ಚಿಕಿತ್ಸೆಯ ಇತಿಹಾಸ: ಬಲಾತ್ಕಾರದಿಂದ ಸಮಾಧಾನದೆಡೆಗೆ

೧

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರು ಪ್ಲೇಗು, ಸಿಡುಬು, ಕ್ಷಯ ಮೊದಲಾದ ಮಹಾರೋಗಗಳಿಗೆ ಕೊಟ್ಟಷ್ಟು ಗಮನವನ್ನು ವಾಗ್ದೋಷಗಳಿಗೆ ಕೊಟ್ಟಿಲ್ಲ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಉಗ್ಗಿನಿಂದ ಯಾರೂ ಸಾಯುವುದಿಲ್ಲ; ಉಗ್ಗುವವನು ಸುಮ್ಮನಿದ್ದಾಗ ಉಳಿದವರಿಗಿಂತ ಯಾವ ವಿಧದಲ್ಲಿಯೂ ಬೇರೆಯಾಗಿ ಕಾಣುವುದೂ ಇಲ್ಲ. ಆದರೆ ಅವನು ಸುಮ್ಮನಿರುವುದೇ ಈ ದೋಷದ ದೊಡ್ಡ ಪರಿಣಾಮವೆಂಬುದು ಕೂಡಲೆ ಹೊಳೆಯತಕ್ಕ ಸಂಗತಿಯಲ್ಲ. ಉತ್ತರ ಗೊತ್ತಿದ್ದೂ ಗೊತ್ತಿಲ್ಲವೆಂದು ಹೇಳಿ ಕುಳಿತುಕೊಳ್ಳುವ ವಿದ್ಯಾರ್ಥಿ, ತನ್ನ ಹೆಸರನ್ನೇ ಹೇಳಲಾರದೆ ಬೆವರುವ ಉದ್ಯೋಗಾರ್ಥಿ, ಮಾತನಾಡಬೇಕಾದ ಸಂದರ್ಭವನ್ನೆಲ್ಲ ತಪ್ಪಿಸಿಕೊಂಡು ತಿರುಗುವ ಗೃಹಸ್ಥ, ಇವರು ಎಲ್ಲ ಕಾಲಗಳಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಿಗೆ ನೆರವಾಗಬೇಕೆಂದು ಹೊರಟವರು ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ 'ತೊದಲು', 'ಉಗ್ಗು' ಎಂಬ ಪದಗಳು ಬಳಕೆಯಲ್ಲಿ ಹಲವು ವೇಳೆ ಬೆರೆತುಹೋಗುತ್ತವೆ. ಎಳೆಯ ಮಗುವಿನ ಅಸ್ಫುಟವಾದ ಮಾತು ತೊದಲು. ಹೇಳಬೇಕಾದ ಮಾತು ಚೆನ್ನಾಗಿ ತಿಳಿದಿದ್ದೂ ಮೊದಲ ಅಕ್ಷರ ಮತ್ತೆ ಮತ್ತೆ ಬರುವುದು, ಎಳೆದುಕೊಳ್ಳುವುದು, ಇಲ್ಲವೆ ಬಾಯಿ ತೆರೆದಿದ್ದರೂ ಧ್ವನಿ ಹೊರಡದೆ ಕಟ್ಟಿಕೊಳ್ಳುವುದು ಉಗ್ಗು. ಇಲ್ಲಿ ವಿಚಾರಿಸುವುದು ಈ ಎರಡನೆಯದನ್ನು.

ನಮ್ಮ ದೇಶದ ಪ್ರಾಚೀನರು ಇದನ್ನು ಗಮನಿಸದೆ ಇರಲಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೂಕ, ಮಿನ್ಮಿನ, ಗದ್ಗದ ಎಂಬ ಮೂರು ವಾಗ್ದೋಷಗಳನ್ನು ಒಟ್ಟಿಗೆ ಹೇಳಿ, ಕಫಸಹಿತವಾದ ವಾಯುವು ಶಬ್ದವನ್ನು ಹೊರುವ ಧಮನಿಗಳನ್ನು ಆವರಿಸುವುದರಿಂದ ಅವು ಉಂಟಾಗುತ್ತವೆಂದು ವಿವರಿಸಿದೆ. ಬಜೆಯ ಬೇರನ್ನು ತೇದು ಮಗುವಿನ ನಾಲಗೆಗೆ ಸವರುವ ಪದ್ಧತಿ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇನ್ನೊಂದು ಕಡೆ, ವೇದಪಾಠದ ಉಚ್ಚಾರಣೆಯನ್ನು ನಿಯಮಿಸಿದ ಪಾಣಿನೀಯ ಶಿಕ್ಷೆಯು ಉತ್ತಮ ಪಾಠಕನ ಆರು ಗುಣಗಳನ್ನು ಎಣಿಸುವಾಗ ಮಾಧುರ್ಯ, ಅಕ್ಷರಸ್ಪಷ್ಟತೆ ಮುಂತಾದವುಗಳ ಜೊತೆಯಲ್ಲಿ ಧೈರ್ಯವನ್ನೂ ಸೇರಿಸಿದೆ. ಅಧಮ ಪಾಠಕರನ್ನು ಹೇಳುವಾಗ ಅವಸರದಿಂದ ಓದುವವನನ್ನು ಹೆಸರಿಸಿದೆ. ಹುಲಿಯು ತನ್ನ ಮರಿಯನ್ನು ಹಲ್ಲುಗಳ ನಡುವೆ ಹಿಡಿದು ಒಯ್ಯುವಾಗ ಹೇಗೆ ಬೀಳಿಸದೆ, ಕಚ್ಚದೆ ಒಯ್ಯುವುದೋ ಹಾಗೆ ಅಕ್ಷರಗಳನ್ನು ಪ್ರಯೋಗಿಸಬೇಕೆಂಬುದು ಅಲ್ಲಿಯ ಪ್ರಸಿದ್ಧವಾದ ಉಪಮಾನ. ಇದು ಪಾಠಕನಿಗೆ ಹೇಳಿದ ಮಾತೇ ಹೊರತು ರೋಗಿಗೆ ಹೇಳಿದ್ದಲ್ಲ. ಆದರೂ ಮಾತಿಗೆ ಎಷ್ಟು ಹಿಡಿತ ಬೇಕೋ ಅಷ್ಟೇ ಸಾಕು, ಹೆಚ್ಚಾದರೆ ಕೆಡುಕು ಎಂಬ ತಿಳಿವಳಿಕೆ ಅದರಲ್ಲಿದೆ. ಐರೋಪ್ಯ ಚಿಕಿತ್ಸಕರು ಈ ತಿಳಿವಳಿಕೆಗೆ ಬಹಳ ಸುತ್ತು ದಾರಿಯಿಂದ ಬಂದು ಸೇರಿದರೆಂಬುದನ್ನು ಮುಂದೆ ನೋಡಬಹುದು.

೨

ಪಾಶ್ಚಾತ್ಯ ಪರಂಪರೆಯಲ್ಲಿ ಮೊದಲು ಬರುವ ಹೆಸರು ಅಥೆನ್ಸಿನ ವಾಗ್ಮಿ ಡಿಮಾಸ್ಥನೀಸನದು (ಕ್ರಿ. ಪೂ. ೩೮೪-೩೨೨). ಬಾಯಲ್ಲಿ ಕಲ್ಲುಹರಳುಗಳನ್ನು ಇಟ್ಟುಕೊಂಡು ಮಾತನಾಡಿದ, ಏರನ್ನು ಹತ್ತುತ್ತ ಪದ್ಯಗಳನ್ನು ಹೇಳಿದ, ಹೊರಗೆ ಹೋಗಲು ಮನಸ್ಸಾಗದಿರಲೆಂದು ತಲೆಯ ಅರ್ಧಭಾಗವನ್ನು ಬೋಳಿಸಿಕೊಂಡು ನೆಲಮಾಳಿಗೆಯಲ್ಲಿ ಅಭ್ಯಾಸಮಾಡಿದ ಎಂಬ ಕಥೆಗಳನ್ನು ಸುಮಾರು ನಾಲ್ಕು ಶತಮಾನಗಳ ತರುವಾಯ ಪ್ಲೂಟಾರ್ಕನು ಬರೆದಿದ್ದಾನೆ. ಪ್ಲೂಟಾರ್ಕನ ಮಾತುಗಳನ್ನು ನೋಡಿದರೆ ಡಿಮಾಸ್ಥನೀಸನಿಗೆ ಇದ್ದುದು ಅಸ್ಪಷ್ಟವಾದ ಉಚ್ಚಾರಣೆ ಮತ್ತು ಸಾಲದ ಉಸಿರು; ಅದನ್ನು ನಿಸ್ಸಂದೇಹವಾಗಿ ಉಗ್ಗೆಂದು ಹೇಳಲು ಬರುವುದಿಲ್ಲ. ಆದರೆ ಮುಂದಿನವರು ಆ ವಿವೇಚನೆಯನ್ನು ಮಾಡಲಿಲ್ಲ. ಮನಸ್ಸು ಗಟ್ಟಿಮಾಡಿ ಶರೀರವನ್ನು ದಂಡಿಸಿದರೆ ಉಗ್ಗು ಹೋಗುತ್ತದೆ, ಹೋಗದಿದ್ದರೆ ಅದು ಉಗ್ಗುವವನ ಛಲದ ಕೊರತೆ ಎಂಬ ಭಾವನೆ ಎರಡು ಸಾವಿರ ವರ್ಷಗಳ ಕಾಲ ಈ ಕಥೆಯ ಬೆಂಬಲದಿಂದ ನಿಂತಿತು.

ವೈದ್ಯರಾದರೋ ನಾಲಗೆಯನ್ನೇ ಅಪರಾಧಿಯೆಂದು ಬಗೆದರು. ನಾಲಗೆ ಅತಿಯಾಗಿ ತೇವವಾಗಿದೆ, ಇಲ್ಲವೆ ತಂಪಾಗಿದೆ ಎಂಬುದು ಗ್ರೀಕರ ದೋಷಸಿದ್ಧಾಂತದಿಂದ ಬಂದ ವಿವರಣೆ. ೧೬೨೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಫ್ರಾನ್ಸಿಸ್ ಬೇಕನ್ನನು ಇದೇ ವಾದವನ್ನು ಎತ್ತಿಕೊಂಡು, ಮಿತವಾಗಿ ದ್ರಾಕ್ಷಾರಸವನ್ನು ಕುಡಿದರೆ ನಾಲಗೆಗೆ ಬಿಸಿ ತಾಗಿ ಉಗ್ಗು ಕಡಿಮೆಯಾಗುವುದೆಂದು ಹೇಳಿದನು.

ನಾಲಗೆಯನ್ನು ಬಿಟ್ಟು ಮನಸ್ಸಿನ ಕಡೆಗೆ ದೃಷ್ಟಿಯನ್ನು ತಿರುಗಿಸಿದವರಲ್ಲಿ ಇರಾಸ್ಮಸ್ ಡಾರ್ವಿನ್ (೧೭೩೧-೧೮೦೨) ಗಮನಾರ್ಹನು. ಜೀವವಿಕಾಸವಾದವನ್ನು ಮಂಡಿಸಿದ ಚಾರ್ಲ್ಸ್ ಡಾರ್ವಿನ್ನನ ತಾತನಾದ ಈತನು ವೈದ್ಯನೂ ಕವಿಯೂ ಆಗಿದ್ದುದಲ್ಲದೆ ಸ್ವತಃ ಉಗ್ಗುತ್ತಿದ್ದನು. ೧೭೯೪ರಿಂದ ೧೭೯೬ರ ವರೆಗೆ ಹೊರಬಂದ 'ಜೂನೋಮಿಯ' ಎಂಬ ವೈದ್ಯಗ್ರಂಥದಲ್ಲಿ ಅವನು ಉಗ್ಗಿಗೆ ಹೇಳಿದ ಕಾರಣ ಹೊಸದಾಗಿತ್ತು. ಮಾತಿನ ಅಂಗಗಳ ಚಲನೆಗಳು ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಹೆದರಿಕೆ, ಸಂಕೋಚ, ಚೆನ್ನಾಗಿ ಮಾತನಾಡಬೇಕೆಂಬ ಹಂಬಲ, ಸೋಲುವೆನೆಂಬ ಅಂಜಿಕೆ ಇವು ನಡುವೆ ನುಗ್ಗಿ ಆ ಹೊಂದಿಕೆಯನ್ನು ಕಡಿಯುತ್ತವೆ ಎಂದು ಅವನ ಅಭಿಪ್ರಾಯ. ಅವನು ಸೂಚಿಸಿದ ಉಪಾಯವೂ ಸರಳವಾದದ್ದು: ತೊಡಕಾದ ಪದವನ್ನು ಆರಿಸಿಕೊಂಡು, ಮೊದಲ ಅಕ್ಷರವನ್ನು ಬಿಟ್ಟು ಅಥವಾ ಮೃದುವಾಗಿಸಿ, ಅಂಜಿಕೆ ಕಳೆಯುವವರೆಗೆ ಅನೇಕ ವಾರಗಳ ಕಾಲ ಹೇಳಿಕೊಳ್ಳುವುದು. ಇದರಲ್ಲಿ ಸಲಕರಣೆಯಿಲ್ಲ, ರಹಸ್ಯವಿಲ್ಲ, ನೋವಿಲ್ಲ. ಬಹುಶಃ ಆ ಕಾರಣದಿಂದಲೇ ಅದು ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ.

೩

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧವು ಉಗ್ಗಿನ ಚಿಕಿತ್ಸೆಯಲ್ಲಿ ಸಲಕರಣೆಗಳ ಕಾಲವೆಂದು ಹೇಳಬಹುದು. ಕಾಡಿನಲ್ಲಿ ಸಿಕ್ಕಿದ ಆವೆರಾನಿನ ಬಾಲಕನಿಗೆ ವಿದ್ಯೆ ಕಲಿಸಲು ಯತ್ನಿಸಿ ಖ್ಯಾತನಾದ ಫ್ರೆಂಚ್ ವೈದ್ಯ ಇಟಾರನು ೧೮೧೭ರಲ್ಲಿ, ನಾಲಗೆಯ ಬುಡದಲ್ಲಿ ಇಟ್ಟುಕೊಳ್ಳತಕ್ಕ ಚಿನ್ನದ ಅಥವಾ ದಂತದ ಒಂದು ಸಣ್ಣ ಕವೆಯನ್ನು ಬಳಕೆಗೆ ತಂದನು. ೧೮೨೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ 'ಅಮೆರಿಕನ್ ಪದ್ಧತಿ'ಯು ನಾಲಗೆಯ ತುದಿಯನ್ನು ಅಂಗುಳಕ್ಕೆ ಎತ್ತಿ ಹಿಡಿದು ಮಾತನಾಡಲು ಕಲಿಸುತ್ತಿತ್ತು. ಬಂದವರಿಂದ ಹಣವನ್ನು ಮಾತ್ರವಲ್ಲದೆ ಪದ್ಧತಿಯನ್ನು ಯಾರಿಗೂ ತಿಳಿಸುವುದಿಲ್ಲವೆಂಬ ವಚನವನ್ನೂ ಪಡೆಯಲಾಗುತ್ತಿತ್ತು. ಪ್ಯಾರಿಸಿನ ಕೊಲಂಬಾ ಎಂಬ ವೈದ್ಯನು ತಾಳಕ್ಕೆ ಸರಿಯಾಗಿ ಮಾತನಾಡುವ ಕ್ರಮವನ್ನು ಬಳಕೆಗೆ ತಂದು, ಅದಕ್ಕಾಗಿ ತಾಳದ ಯಂತ್ರವನ್ನೂ ಉಪಯೋಗಿಸಿದನು.

ಈ ಸಾಲಿನ ಕೊನೆಯಲ್ಲಿ ಬಂದುದು ಕತ್ತಿ. ಬರ್ಲಿನ್ನಿನ ಯೋಹಾನ್ ಫ್ರೀಡ್ರಿಖ್ ಡೀಫನ್‌ಬಾಖನು ಆ ಕಾಲದ ಅಗ್ರಗಣ್ಯ ಶಸ್ತ್ರವೈದ್ಯರಲ್ಲಿ ಒಬ್ಬನು. ಕಣ್ಣಿನ ಸ್ನಾಯುವನ್ನು ಕತ್ತರಿಸಿ ಮೆಳ್ಳೆಗಣ್ಣನ್ನು ಸರಿಪಡಿಸುವ ಶಸ್ತ್ರಕ್ರಿಯೆಯಿಂದ ೧೮೩೯ರಲ್ಲಿ ಅವನಿಗೆ ವಿಶೇಷವಾದ ಕೀರ್ತಿ ಬಂದಿತ್ತು. ಉಗ್ಗೂ ಒಂದು ಬಗೆಯ ಸ್ನಾಯುಸೆಳೆತವೆಂದ ಮೇಲೆ, ನಾಲಗೆಯ ಬುಡದ ಸ್ನಾಯುವನ್ನು ಕತ್ತರಿಸಿದರೆ ಸೆಳೆತ ನಿಲ್ಲಬೇಕಲ್ಲವೆ ಎಂದು ಅವನು ತರ್ಕಿಸಿದನು. ೧೮೪೧ರ ಜನವರಿ ೭ರಂದು ೧೩ ವರ್ಷದ ಒಬ್ಬ ಬಾಲಕನ ಮೇಲೆ ಮೊದಲ ಪ್ರಯೋಗ ನಡೆಯಿತು. ನಾಲಗೆಯ ಬುಡವನ್ನು ಅಡ್ಡಲಾಗಿ ಸೀಳುವುದು, ಮೇಲಿನ ಪೊರೆಯನ್ನು ಉಳಿಸಿಕೊಂಡು ಒಳಗಿನ ಸ್ನಾಯುವನ್ನು ಮಾತ್ರ ಕತ್ತರಿಸುವುದು, ಬೆಣೆಯಾಕಾರದ ತುಂಡೊಂದನ್ನು ತೆಗೆದುಹಾಕುವುದು ಎಂದು ಮೂರು ವಿಧಾನಗಳನ್ನು ಅವನು ವರ್ಣಿಸಿದನು. ಈಥರಿನ ಅರಿವಳಿಕೆ ಬಹಿರಂಗವಾಗಿ ಪ್ರದರ್ಶಿತವಾದದ್ದು ೧೮೪೬ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಬಾಲಕನೂ ಅವನ ಹಿಂದೆ ಬಂದವರೂ ಎಚ್ಚರವಾಗಿದ್ದುಕೊಂಡೇ ಇದನ್ನು ಅನುಭವಿಸಿದರು.

ಕೆಲವೇ ವಾರಗಳಲ್ಲಿ ಈ ಸುದ್ದಿ ಹರಡಿತು. ಫ್ರಾನ್ಸಿನ ಶಸ್ತ್ರವೈದ್ಯರು ತಮ್ಮ ತಮ್ಮ ಮಾರ್ಪಾಟುಗಳೊಡನೆ ಇದನ್ನು ಕೈಗೊಂಡು, ಮೊದಲು ಕಂಡುಹಿಡಿದವರು ಯಾರೆಂದು ಜಗಳವಾಡಿದರು. ಇಂಗ್ಲೆಂಡಿನಲ್ಲಿ ಜೇಮ್ಸ್ ಯಿಯರ್ಸ್‌ಲಿಯು ನಾಲಗೆಗೆ ಬದಲಾಗಿ ಕಿರುನಾಲಗೆಯನ್ನೂ ಟಾನ್ಸಿಲ್‌ಗಳನ್ನೂ ಕತ್ತರಿಸತೊಡಗಿದನು. ಆದರೆ ಆ ವರ್ಷ ಮುಗಿಯುವುದರೊಳಗೆ ಉತ್ಸಾಹ ಇಳಿದುಹೋಯಿತು. ಶಸ್ತ್ರಕ್ರಿಯೆಯಾದ ಕೂಡಲೆ ಉಗ್ಗು ಮಾಯವಾದಂತೆ ಕಾಣುತ್ತಿತ್ತು. ಗಾಯ ಮಾಗುತ್ತ ಬಂದ ಹಾಗೆ ಅದು ಹಿಂದಿರುಗುತ್ತಿತ್ತು.

ಮೊದಲಲ್ಲಿ ಮಾಯವಾಗಲು ಕಾರಣವೇನು? ಗಾಯಗೊಂಡ ನಾಲಗೆಯಿಂದ ಯಾರೂ ಅವಸರವಾಗಿ ಮಾತನಾಡಲಾರರು. ಮಾತಿನ ರೀತಿ ಅಪರಿಚಿತವಾದಾಗ ಗಮನ ಅದರ ಮೇಲೆ ನಿಂತು, ಹಳೆಯ ಭಯ ಕೆಲವು ದಿನಗಳ ಮಟ್ಟಿಗೆ ಮರೆಯಾಗುತ್ತದೆ. ಕವೆಯಿಂದಲೂ, ಅಂಗುಳಕ್ಕೆ ಎತ್ತಿದ ನಾಲಗೆಯಿಂದಲೂ, ತಾಳಯಂತ್ರದಿಂದಲೂ ದೊರೆತ ಮೊದಲ ಗುಣಕ್ಕೆ ಮುಖ್ಯವಾದ ಕಾರಣ ಇದೇ. ಹೊಸತನ ಹಳೆಯದಾದೊಡನೆ ಗುಣವೂ ಹೋಯಿತು. ಪ್ರತಿಯೊಂದು ಪದ್ಧತಿಯೂ ತನ್ನ ಮೊದಲ ತಿಂಗಳ ಫಲವನ್ನೇ ಕೊನೆಯ ಫಲವೆಂದು ಪ್ರಕಟಿಸಿಕೊಂಡಿತೆಂಬುದು ಈ ಕಾಲದ ಚರಿತ್ರೆಯಿಂದ ಕಲಿಯತಕ್ಕ ಮೊದಲನೆಯ ಪಾಠ.

೪

ಕತ್ತಿಗೂ ಯಂತ್ರಕ್ಕೂ ಪ್ರತಿಯಾಗಿ ನಿಂತವರು ಬಹುಮಟ್ಟಿಗೆ ವೈದ್ಯಪದವಿಯಿಲ್ಲದ ಶಿಕ್ಷಕರು. ಇಂಗ್ಲೆಂಡಿನ ಥಾಮಸ್ ಹಂಟ್ (೧೮೦೨-೧೮೫೧) ಅವರಲ್ಲಿ ಒಬ್ಬನು. ಅವನ ತರುವಾಯ ಮಗ ಜೇಮ್ಸ್ ಹಂಟ್ (೧೮೩೩-೧೮೬೯) ಈ ಕೆಲಸವನ್ನು ಮುಂದುವರಿಸಿದನು. ಶಸ್ತ್ರಕ್ರಿಯೆ ವ್ಯರ್ಥ, ಎಲ್ಲರಿಗೂ ಒಂದೇ ಮದ್ದು ಇಲ್ಲ, ಒಬ್ಬೊಬ್ಬನಲ್ಲಿ ಉಸಿರು, ತುಟಿ, ನಾಲಗೆ ಎಲ್ಲಿ ತೊಡರುತ್ತವೆಂದು ನೋಡಿ, ಅವನಿಗೇ ಅದನ್ನು ತೋರಿಸಿಕೊಟ್ಟು, ನಿಧಾನವಾಗಿ ಸರಿಯಾದ ಅಭ್ಯಾಸವನ್ನು ಬೆಳೆಸಬೇಕು ಎಂಬುದು ಅವರ ಕ್ರಮದ ಸಾರ. ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್‌ಲಿಯು ಜೇಮ್ಸ್ ಹಂಟನಲ್ಲಿ ಕಲಿತು ೧೮೫೯ರಲ್ಲಿ ಆ ಕ್ರಮವನ್ನು ಸಮರ್ಥಿಸಿ ಲೇಖನವನ್ನು ಬರೆದನು. ಲೂಯಿ ಕ್ಯಾರಲ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತನಾದ ಗಣಿತಾಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್ನನೂ ಅವನಲ್ಲಿಗೆ ಹೋಗಿದ್ದನು; ಆದರೆ ಅವನ ಉಗ್ಗು ಪೂರ್ತಿಯಾಗಿ ಹೋಗಲಿಲ್ಲ. ಉಗ್ಗುವವರೊಡನೆ ಇಷ್ಟು ತಾಳ್ಮೆ ತೋರಿದ ಇದೇ ಜೇಮ್ಸ್ ಹಂಟನು ಮಾನವಶಾಸ್ತ್ರದ ಹೆಸರಿನಲ್ಲಿ ಕಪ್ಪುಜನರ ದಾಸ್ಯವನ್ನು ಎತ್ತಿಹಿಡಿದನೆಂಬುದನ್ನೂ ಮರೆಯುವಂತಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯ ಪ್ರಸಿದ್ಧ ಪ್ರತಿನಿಧಿ ಲಯನೆಲ್ ಲೋಗ್ (೧೮೮೦-೧೯೫೩). ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಹುಟ್ಟಿ, ವಾಚನಕಲೆಯ ಶಿಕ್ಷಕನಾಗಿದ್ದ ಅವನು ಮೊದಲನೆಯ ಮಹಾಯುದ್ಧದಿಂದ ಮಾತು ಕೆಟ್ಟು ಹಿಂದಿರುಗಿದ ಸೈನಿಕರಿಗೆ ನೆರವಾಗಿ, ೧೯೨೪ರಲ್ಲಿ ಲಂಡನ್ನಿಗೆ ಬಂದನು. ೧೯೨೫ರ ಅಕ್ಟೋಬರ್ ೩೧ರಂದು ವೆಂಬ್ಲಿಯ ಪ್ರದರ್ಶನದ ಮುಕ್ತಾಯದಲ್ಲಿ ಭಾಷಣ ಮಾಡಲು ಬಹಳವಾಗಿ ಕಷ್ಟಪಟ್ಟ ಯಾರ್ಕಿನ ಡ್ಯೂಕನು, ಎಂದರೆ ಮುಂದೆ ಆರನೆಯ ಜಾರ್ಜ್ ದೊರೆಯಾದವನು, ಮರುವರ್ಷದ ಅಕ್ಟೋಬರಿನಲ್ಲಿ ಲೋಗನ ಬಳಿಗೆ ಬಂದನು. ಉಸಿರಾಟದ ವ್ಯಾಯಾಮ, ನಿಯತವಾದ ಭೇಟಿ, ಗುಣವಾಗಬಹುದೆಂಬ ಭರವಸೆ, ಇವಲ್ಲದೆ ಅಲ್ಲಿ ಅದ್ಭುತವಾದದ್ದೇನೂ ಇರಲಿಲ್ಲ. ೧೯೨೭ರ ಮೇ ೯ರಂದು ಕ್ಯಾನ್‌ಬೆರಾದ ಪಾರ್ಲಿಮೆಂಟ್ ಭವನದ ಪ್ರಾರಂಭೋತ್ಸವದಲ್ಲಿ ಡ್ಯೂಕನ ಭಾಷಣ ಸರಾಗವಾಗಿ ನಡೆಯಿತು. ಮುಂದೆ ಲೋಗನು ಭಾಷಣದ ಪ್ರತಿಯಲ್ಲಿ ತೊಡಕಾಗುವ ಪದಗಳನ್ನು ಬದಲಾಯಿಸಿ, ನಿಲ್ಲತಕ್ಕ ಎಡೆಗಳನ್ನು ಗುರುತುಮಾಡಿ ಕೊಡುತ್ತಿದ್ದನು. ೧೯೩೯ರ ಸೆಪ್ಟೆಂಬರ್ ೩ರ ಯುದ್ಧಕಾಲದ ಬಾನುಲಿ ಭಾಷಣದಲ್ಲಿಯೂ ಜೊತೆಗಿದ್ದನು. ದೊರೆಯ ಮಾತಿನಲ್ಲಿ ತಡೆಗಳು ಕೊನೆಯವರೆಗೂ ಉಳಿದಿದ್ದವು. ಆದರೆ ಮಾತನಾಡುವ ಕರ್ತವ್ಯದಿಂದ ಅವನು ಹಿಮ್ಮೆಟ್ಟಲಿಲ್ಲ. ಗುಣವಾಗುವುದು ಎಂಬ ಮಾತಿಗೆ ಇಲ್ಲಿ ಬೇರೆಯದೇ ಆದ ಅರ್ಥ ಬರುವುದನ್ನು ಗಮನಿಸಬೇಕು.

೫

ಈ ಅರ್ಥವನ್ನು ಶಾಸ್ತ್ರೀಯವಾಗಿ ಬೆಳೆಸಿದ ಕೀರ್ತಿ ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದಲ್ಲಿ ಕಲಿತವರಿಗೆ ಸಲ್ಲುತ್ತದೆ. ಅಲ್ಲಿಯೂ ಮೊದಲು ನಡೆದದ್ದು ಬಲಾತ್ಕಾರವೇ. ಮಿದುಳಿನ ಎರಡು ಭಾಗಗಳಲ್ಲಿ ಒಂದರ ಪ್ರಾಧಾನ್ಯ ಸ್ಥಿರವಾಗಿಲ್ಲದಿರುವುದೇ ಉಗ್ಗಿಗೆ ಕಾರಣವೆಂದು ಲೀ ಎಡ್ವರ್ಡ್ ಟ್ರಾವಿಸ್ ಅವರು ಭಾವಿಸಿದ್ದರು. ಎಡಗೈಯ ಪ್ರಾಧಾನ್ಯವನ್ನು ತರುವುದಕ್ಕಾಗಿ ಉಗ್ಗುವವರ ಬಲಗೈಗೆ ಗಚ್ಚಿನ ಕಟ್ಟು ಹಾಕಲಾಗುತ್ತಿತ್ತು. ಹೀಗೆ ಎಡಗೈಯವರಾಗಲು ಹೆಣಗಿದವರಲ್ಲಿ ಅಲ್ಲಿಗೆ ಬಂದಿದ್ದ ಇಬ್ಬರು ಉಗ್ಗುವ ವಿದ್ಯಾರ್ಥಿಗಳೂ ಇದ್ದರು: ವೆಂಡೆಲ್ ಜಾನ್ಸನ್ (೧೯೦೬-೧೯೬೫) ಮತ್ತು ಚಾರ್ಲ್ಸ್ ವ್ಯಾನ್ ರೈಪರ್ (೧೯೦೫-೧೯೯೪). ಉಗ್ಗು ಅದರಿಂದ ಹೋಗಲಿಲ್ಲ.

ವ್ಯಾನ್ ರೈಪರ್ ಅವರು ತಮ್ಮ ಯೌವನದ ಒಂದು ಪ್ರಸಂಗವನ್ನು ಅನೇಕ ಸಲ ಹೇಳಿಕೊಂಡಿದ್ದಾರೆ. ನಿರಾಶರಾಗಿ ದಾರಿಯಲ್ಲಿ ಹೋಗುತ್ತಿದ್ದಾಗ ಒಬ್ಬ ವೃದ್ಧನು ಅವರನ್ನು ತನ್ನ ಗಾಡಿಯಲ್ಲಿ ಹತ್ತಿಸಿಕೊಂಡನು. ಆ ವೃದ್ಧನೂ ಉಗ್ಗುತ್ತಿದ್ದನು. ಆದರೆ ಮುಖ ಸೊಟ್ಟಗಾಗದೆ, ಉಸಿರು ಕಟ್ಟದೆ, ಮಾತು ಸುಲಭವಾಗಿ ತಡೆದು ಸುಲಭವಾಗಿ ಮುಂದೆ ಸಾಗುತ್ತಿತ್ತು. ತನ್ನೊಡನೆ ತಾನೇ ಹೊಡೆದಾಡುವ ವಯಸ್ಸು ಕಳೆಯಿತು, ಬರುವ ಮಾತು ಬರುವಂತೆ ಬರಲಿ ಎಂದು ಬಿಟ್ಟಿದ್ದೇನೆ ಎಂಬರ್ಥದ ಉತ್ತರವನ್ನು ಅವನು ಕೊಟ್ಟನು. ಉಗ್ಗದೆ ಇರಲು ಮಾಡುವ ಹೋರಾಟವೇ ಉಗ್ಗಿನ ದೊಡ್ಡ ಭಾಗ, ಹೋರಾಟವಿಲ್ಲದೆ ಉಗ್ಗುವುದನ್ನು ಕಲಿಯಬಹುದು ಎಂಬ ವಿಚಾರ ಆಗ ತಮಗೆ ಹೊಳೆಯಿತೆಂದು ವ್ಯಾನ್ ರೈಪರ್ ಬರೆದಿದ್ದಾರೆ.

೧೯೩೬ರಲ್ಲಿ ಮಿಷಿಗನ್ನಿನ ಕಲಮಜೂ ನಗರದಲ್ಲಿ ಚಿಕಿತ್ಸಾಲಯವನ್ನು ಆರಂಭಿಸಿ ಅವರು ಬೆಳೆಸಿದ ಕ್ರಮದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು, ತಾನು ಉಗ್ಗುವಾಗ ನಿಜವಾಗಿ ಏನು ಮಾಡುತ್ತೇನೆಂಬುದನ್ನು ಉಗ್ಗುವವನು ಗುರುತಿಸುವುದು. ಎರಡನೆಯದು, ಬೇಕೆಂದೇ ಉಗ್ಗಿ ಅದರ ಭಯವನ್ನೂ ನಾಚಿಕೆಯನ್ನೂ ಕಳೆದುಕೊಳ್ಳುವುದು. ಮೂರನೆಯದು, ಉಗ್ಗುವ ರೀತಿಯನ್ನು ಮಾರ್ಪಡಿಸುವುದು: ಪದವೊಂದು ಕಟ್ಟಿಕೊಂಡು ಹೊರಬಂದ ಮೇಲೆ ತುಸು ನಿಂತು ಅದನ್ನೇ ಮೃದುವಾಗಿ ಮತ್ತೆ ಹೇಳುವುದು, ಮುಂದೆ, ಕಟ್ಟಿಕೊಂಡಿರುವಾಗಲೇ ಬಿಗಿತವನ್ನು ಸಡಿಲಿಸಿ ಹೊರಬರುವುದು, ಕೊನೆಗೆ, ತೊಡಕನ್ನು ಮುಂಗಂಡು ಹಗುರವಾಗಿ ಆರಂಭಿಸುವುದು. ನಾಲ್ಕನೆಯದು, ಕಲಿತದ್ದನ್ನು ನಿತ್ಯಜೀವನದಲ್ಲಿ ನೆಲೆಗೊಳಿಸುವುದು. ಹುಲಿಯು ಮರಿಯನ್ನು ಹಿಡಿಯುವ ಹಿಡಿತವೆಂದು ನಮ್ಮ ಶಿಕ್ಷಾಗ್ರಂಥ ಹೇಳಿದ್ದು ಇಲ್ಲಿ ನೆನಪಿಗೆ ಬಂದರೆ ತಪ್ಪಲ್ಲ. ಉಗ್ಗುವವರಲ್ಲಿಯೇ ಒಬ್ಬರಾದ ಕ್ಯಾಲಿಫೋರ್ನಿಯದ ಜೋಸೆಫ್ ಷೀಹನ್ ಅವರು ಉಗ್ಗನ್ನು ನೀರ್ಗಲ್ಲಿನ ಬೆಟ್ಟಕ್ಕೆ ಹೋಲಿಸಿದರು: ಕೇಳಿಬರುವ ತಡೆಯು ನೀರಿನ ಮೇಲೆ ಕಾಣುವ ಸಣ್ಣ ಭಾಗ, ಭಯ, ನಾಚಿಕೆ, ತಪ್ಪಿಸಿಕೊಳ್ಳುವಿಕೆಗಳು ನೀರಿನೊಳಗಿನ ದೊಡ್ಡ ಭಾಗ.

ಆದರೆ ಕತ್ತಿಯನ್ನೂ ಕಟ್ಟನ್ನೂ ಬಿಟ್ಟ ಮಾತ್ರಕ್ಕೆ ಚಿಕಿತ್ಸೆ ಸೌಮ್ಯವಾಯಿತೆಂದು ಹೇಳುವಂತಿಲ್ಲ. ಇದಕ್ಕೆ ಅಯೋವದಲ್ಲಿಯೇ ನಿದರ್ಶನವಿದೆ. ಮಕ್ಕಳ ಸಹಜವಾದ ತಡೆಮಾತನ್ನು ಹಿರಿಯರು ಉಗ್ಗೆಂದು ಹೆಸರಿಟ್ಟು ತಿದ್ದತೊಡಗುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂಬುದು ವೆಂಡೆಲ್ ಜಾನ್ಸನ್ ಅವರ ಪ್ರಸಿದ್ಧ ಸಿದ್ಧಾಂತ. ಹೆಸರಿಡುವುದರ ಪರಿಣಾಮವನ್ನು ಕಾಣಲು ೧೯೩೯ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಡ್ಯಾವನ್‌ಪೋರ್ಟಿನ ಅನಾಥಾಲಯದ ೨೨ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಸರಿಯಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ, ನಿಮ್ಮ ಮಾತಿನಲ್ಲಿ ಉಗ್ಗಿದೆ, ಎಚ್ಚರವಾಗಿರಿ, ತಪ್ಪಾಗುವಂತಿದ್ದರೆ ಮಾತನಾಡಲೇಬೇಡಿ ಎಂಬ ರೀತಿಯಲ್ಲಿ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾದರೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ತರುವಾಯ ಪರಿಶೀಲಿಸಿದವರು ಹೇಳಿದ್ದಾರೆ. ಆದರೆ ಅವರಲ್ಲಿ ಕೆಲವರು ಮಾತನಾಡಲು ಹಿಂಜರಿಯತೊಡಗಿದರು. ಪ್ರಬಂಧವು ಪ್ರಕಟವಾಗದೆ ಗ್ರಂಥಾಲಯದಲ್ಲಿ ಉಳಿಯಿತು. ೨೦೦೧ರಲ್ಲಿ ಪತ್ರಿಕೆಯೊಂದರ ಮೂಲಕ ವಿಷಯ ಬಯಲಾದಾಗ ವಿಶ್ವವಿದ್ಯಾನಿಲಯವು ಕ್ಷಮೆ ಕೇಳಿತು. ೨೦೦೭ರಲ್ಲಿ ಅಯೋವ ರಾಜ್ಯವು ೯,೨೫,೦೦೦ ಡಾಲರುಗಳ ಪರಿಹಾರಕ್ಕೆ ಒಪ್ಪಿತು. ಅಷ್ಟರಲ್ಲಿ ಸುಮಾರು ಎಪ್ಪತ್ತು ವರ್ಷಗಳು ಕಳೆದಿದ್ದವು. ೧೮೪೧ರ ಬಾಲಕನ ನಾಲಗೆಗೆ ಕತ್ತಿ ಮಾಡಿದ ಗಾಯವನ್ನು ಎಲ್ಲರೂ ಕಂಡರು. ಈ ಮಕ್ಕಳಿಗೆ ಮಾತಿನಿಂದಾದ ಗಾಯವನ್ನು ಆಗ ಕಂಡವರು ವಿರಳ.

೬

ಈಗ ಉಗ್ಗಿನ ವಿಷಯದಲ್ಲಿ ಒಪ್ಪಿತವಾಗಿರುವ ಅಂಶಗಳು ಕೆಲವಿವೆ. ನೂರಕ್ಕೆ ಸುಮಾರು ೫ ಮಕ್ಕಳಲ್ಲಿ, ಹೆಚ್ಚಾಗಿ ಎರಡರಿಂದ ಐದು ವರ್ಷಗಳ ನಡುವೆ, ಅದು ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಬಹುಪಾಲಿನವರಿಗೆ ತಾನಾಗಿಯೇ ಹೋಗುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಉಳಿಯುತ್ತದೆ. ವಂಶದಲ್ಲಿ ಹರಿದುಬರುವ ಗುಣ ಅದಕ್ಕಿದೆ. ೨೦೧೦ರಲ್ಲಿ ಅದಕ್ಕೆ ಸಂಬಂಧಿಸಿದ ಕೆಲವು ಜೀನುಗಳು ಗುರುತಿಗೆ ಬಂದವು. ಆದುದರಿಂದ ತಂದೆತಾಯಿಗಳ ನಡವಳಿಕೆಯೇ ಕಾರಣವೆಂಬ ಜಾನ್ಸನ್ನರ ವಾದ ನಿಲ್ಲಲಿಲ್ಲ. ಭಯ ಮತ್ತು ಅವಸರಗಳು ಉಗ್ಗಿನ ಮೂಲವಲ್ಲ, ಅದನ್ನು ಹೆಚ್ಚಿಸುವ ಸಂಗತಿಗಳು. ಇದನ್ನು ಒಪ್ಪಿಕೊಂಡೇ ಸಮಾಧಾನದ ಪಕ್ಷವನ್ನು ಎತ್ತಿಹಿಡಿಯಬೇಕು. ಸಮಾಧಾನದಿಂದಿದ್ದರೆ ಉಗ್ಗು ಹೋಗಿಬಿಡುತ್ತದೆ ಎನ್ನುವುದೂ ಇನ್ನೊಂದು ಮಂತ್ರದಂಡವೇ ಆದೀತು. 'ನಿಧಾನವಾಗಿ ಹೇಳು' ಎಂದು ಉಗ್ಗುವವನಿಗೆ ಅಪ್ಪಣೆ ಮಾಡುವುದಕ್ಕಿಂತ, ಕೇಳುವವನು ತಾನು ನಿಧಾನವಾಗುವುದು ಮೇಲು. ಲಂಡನ್ನಿನಲ್ಲಿ ೧೯೯೩ರಲ್ಲಿ ಆರಂಭವಾದ ಮೈಕೇಲ್ ಪೇಲಿನ್ ಕೇಂದ್ರದವರು ಮಗುವಿನೊಡನೆ ಆಡಲು ಐದು ನಿಮಿಷಗಳನ್ನು ಮೀಸಲಿಟ್ಟು ತಮ್ಮ ಮಾತಿನ ವೇಗವನ್ನು ಇಳಿಸಿಕೊಳ್ಳಲು ತಂದೆತಾಯಿಗಳಿಗೆ ಕಲಿಸುವುದು ಈ ದೃಷ್ಟಿಯಿಂದಲೇ.

ನಮ್ಮ ನಾಡಿನ ಮಟ್ಟಿಗೆ, ಈ ವಿದ್ಯೆಯ ಬೋಧನೆ, ಸಂಶೋಧನೆ ಮತ್ತು ಚಿಕಿತ್ಸೆಗಳಿಗಾಗಿ ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯ ಮಗ್ಗುಲಲ್ಲಿಯೇ ಇದೆ. ಅಲ್ಲಿ ತರಬೇತಿ ಪಡೆದವರು ದೇಶದ ನಾನಾ ಕಡೆಗಳಲ್ಲಿ ಕೆಲಸಮಾಡುತ್ತಿದ್ದಾರೆ. ಹೀಗಿರುವಲ್ಲಿ ನೆರವು ಬೇಕಾದ ವಿದ್ಯಾರ್ಥಿಯನ್ನು ತಜ್ಞರ ಬಳಿಗೆ ಕಳುಹಿಸುವುದು ಕಾಲೇಜಿನ ಅಧ್ಯಾಪಕರಿಗೆ ಅಸಾಧ್ಯವಾದ ಕೆಲಸವಲ್ಲ.

ಆದರೆ ಚಿಕಿತ್ಸಾಲಯದಲ್ಲಿ ಕಲಿತದ್ದು ಉಳಿಯಬೇಕಾದ ಸ್ಥಳ ತರಗತಿ. ಹಾಜರಿ ಕರೆಯುವಾಗ ತನ್ನ ಸರದಿ ಹತ್ತಿರ ಬರುತ್ತಿದ್ದ ಹಾಗೆ ಉಸಿರು ಬಿಗಿಹಿಡಿಯುವ ವಿದ್ಯಾರ್ಥಿ ಪ್ರತಿಯೊಂದು ದೊಡ್ಡ ತರಗತಿಯಲ್ಲಿಯೂ ಒಬ್ಬನಾದರೂ ಇದ್ದಾನೆಂದು ಮೇಲಿನ ಅಂಕಿಗಳಿಂದ ಊಹಿಸಬಹುದು. ಅವನು ಕೈ ಎತ್ತಿದರೆ ಸಾಕೆಂದು ಒಪ್ಪಿಕೊಳ್ಳುವುದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಅವನ ಪದವನ್ನು ನಾವು ಪೂರ್ತಿಮಾಡದೆ, ಕಣ್ಣನ್ನು ಬೇರೆ ಕಡೆಗೆ ತಿರುಗಿಸದೆ, ಅರ್ಧ ನಿಮಿಷ ಹೆಚ್ಚಾಗಿ ಕಾದರೆ ಅವನಿಗೆ ತಿಳಿದಿರುವುದೇನೆಂಬುದು ನಮಗೆ ತಿಳಿಯುತ್ತದೆ; ಪರೀಕ್ಷೆಯ ಉದ್ದೇಶವೂ ಅದೇ ತಾನೆ. ಡಿಮಾಸ್ಥನೀಸನ ಹರಳುಗಳಿಂದ ಡೀಫನ್‌ಬಾಖನ ಕತ್ತಿಯವರೆಗೆ ಉಗ್ಗುವವನಿಂದಲೇ ಎಲ್ಲವನ್ನೂ ಬೇಡಲಾಯಿತು. ಕೇಳುವವರಿಂದ ಬೇಕಾದದ್ದು ಈ ಅರ್ಧ ನಿಮಿಷ ಮಾತ್ರ. ಅದನ್ನು ಕೊಡಲು ಸಲಕರಣೆಯೂ ಬೇಕಿಲ್ಲ, ಪದವಿಯೂ ಬೇಕಿಲ್ಲ.